ಅಡಿವೆಪ್ಪನವರ ಅಧ್ಯಕ್ಷಗಿರಿ

ಸಭೆಗೇ ಬಾರದ ಮನುಷ್ಯನನ್ನು ಹಿಡಿದು ಅಧ್ಯಕ್ಷನನ್ನಾಗಿ ಮಾಡುವ ಊರು ಎಲ್ಲಾದರೂ ಉಂಟೆ? ಉಂಟು. ಮೆಲ್ಬರ್ನ್‌ನಿಂದ ಸಿಡ್ನಿಗೆ ಹೋಗುವ ಹೆದ್ದಾರಿಯಲ್ಲಿ ಮೂರು ತಾಸು ಕಾರು ಓಡಿಸಿ ಪಕ್ಕದ ರಸ್ತೆಗೆ ಹೊರಳಿದರೆ ಸಿಗುತ್ತದೆ. ಹೆಸರು ಬರಂಡೀನ್. ಒಂದು ಉಣ್ಣೆ ಗಿರಣಿ, ಒಂದೇ ಒಂದು ಪೇಟೆ ಬೀದಿ, ಎರಡು ಪಬ್ಬು, ಒಂದು ಬೇಕರಿ, ಊರಾಚೆ ಗೋಧಿ ತುಂಬುವ ಎತ್ತರದ ಸಿಮೆಂಟಿನ ಕಣಜ. ಬ್ಯಾಂಕ್ ಇತ್ತು, ಮುಚ್ಚಿದರು. ರೈಲು ನಿಲ್ಲುತ್ತಿತ್ತು, ಈಗ ಕೂಗಿಕೊಂಡು ಮುಂದೆ ಹೋಗುತ್ತದೆ. ಹೈಸ್ಕೂಲಿನಲ್ಲಿ ಮಕ್ಕಳು ಸಾಲದೆಂದು ಮೇಲಿನ ಎರಡು ತರಗತಿಗಳನ್ನು ತೆಗೆದುಹಾಕಿದರು. ಇಷ್ಟೆಲ್ಲ ಕೈಬಿಟ್ಟು ಹೋದಮೇಲೂ ಊರಿನವರು ಹಲ್ಲುಕಚ್ಚಿ ಹಿಡಿದುಕೊಂಡಿದ್ದು ಒಂದನ್ನು, ಲಾನ್ ಬೌಲ್ಸ್ ಕ್ಲಬ್ಬನ್ನು.

ಬೌಲ್ಸ್ ಅಂದರೆ ಕ್ರಿಕೆಟ್ ಅಲ್ಲ. ಚಾಪೆ ಹಾಸಿದ ಹಾಗೆ ಕತ್ತರಿಸಿದ ಹುಲ್ಲಿನ ಮೇಲೆ, ಅಡಿಯಿಂದ ಮುಡಿಯವರೆಗೆ ಬಿಳಿ ತೊಟ್ಟ ಮುದುಕ ಮುದುಕಿಯರು ದೊಡ್ಡ ಕಪ್ಪು ಚೆಂಡುಗಳನ್ನು ಒಂದು ಪುಟ್ಟ ಬಿಳಿ ಚೆಂಡಿನ ಹತ್ತಿರಕ್ಕೆ ಉರುಳಿಸುತ್ತಾರೆ. ಕಪ್ಪು ಚೆಂಡಿನ ಒಂದು ಪಕ್ಕ ಭಾರ. ಅದು ನೆಟ್ಟಗೆ ಹೋಗದೆ ಬಾಗಿ ಹೋಗುತ್ತದೆ. ನೋಡುವವರಿಗೆ ನಿದ್ದೆ ಬರುತ್ತದೆ, ಆಡುವವರಿಗೆ ಜೀವ ಬಾಯಿಗೆ ಬರುತ್ತದೆ. ಶನಿವಾರವೆಂದರೆ ಆಟ, ಆಮೇಲೆ ಸ್ಯಾಂಡ್‌ವಿಚ್ಚು, ಆಮೇಲೆ ಬಿಯರು, ಕಡೆಗೆ ಚೀಟಿ ಎತ್ತಿ ಗೆದ್ದವರಿಗೆ ಒಂದು ತಟ್ಟೆ ಹಸಿ ಮಾಂಸದ ಬಹುಮಾನ. ಇದರ ನಡುವೆ ನಮ್ಮ ಅಡಿವೆಪ್ಪ, ಕೊರಳಲ್ಲಿ ಲಿಂಗ, ಡಬ್ಬಿಯಲ್ಲಿ ಒಣ ರೊಟ್ಟಿ!

ಅಡಿವೆಪ್ಪ ಗೋಕಾಕ ಫಾಲ್ಸಿನವನು. ಅಪ್ಪ ಅಲ್ಲಿಯ ನೂಲಿನ ಗಿರಣಿಯಲ್ಲಿ ದುಡಿದವರು. ಇವನು ಡಿಪ್ಲೊಮಾ ಓದಿ ಅದೇ ಕಸುಬು ಹಿಡಿದ. ನೂಲುವ ಯಂತ್ರ ಕೆಟ್ಟರೆ ಬಿಚ್ಚಿ ಜೋಡಿಸುವ ಕೆಲಸ. ಎರಡು ಸಾವಿರದ ಎರಡರಲ್ಲಿ ಬರಂಡೀನಿನ ಉಣ್ಣೆ ಗಿರಣಿಗೆ ಅಂಥವನೇ ಬೇಕಾಗಿದ್ದ, ಹೆಂಡತಿ ಮಗಳನ್ನು ಕರೆದುಕೊಂಡು ಬಂದ. ಅಲ್ಲೇ ಕಾಯಂ ಇರಲು ಪಿಆರ್ ಆಯಿತು, ಮನೆಯಾಯಿತು. ಅಷ್ಟರಲ್ಲಿ ಮಗಳು ಚಿನ್ಮಯಿ ಹೈಸ್ಕೂಲಿನ ಮೇಲಿನ ತರಗತಿಗೆ ಬಂದಳು, ಆ ತರಗತಿಯೇ ಇಲ್ಲವಾಯಿತು. ಹೆಂಡತಿ ಚಂದ್ರಪ್ರಭಾ ಮಗಳನ್ನು ಕಟ್ಟಿಕೊಂಡು ಮೆಲ್ಬರ್ನ್‌ನ ವೆರಿಬೀ ಸಬರ್ಬಿಗೆ ಹೋಗಿ ಬಾಡಿಗೆ ಮನೆ ಹಿಡಿದಳು, ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದಳು. ಅಡಿವೆಪ್ಪ ಶುಕ್ರವಾರ ಶಿಫ್ಟ್ ಮುಗಿಸಿ ವೆರಿಬೀಗೆ ಹೊರಡುವುದು, ಭಾನುವಾರ ಸಂಜೆ ತಿರುಗಿ ಬರುವುದು. ಆ ರಸ್ತೆ ಅವನ ಸೊಂಟದಲ್ಲಿ ಹೋಗಿ ಕೂತುಬಿಟ್ಟಿತ್ತು.

ಒಂಟಿ ಮನೆಯಲ್ಲಿ ಟಿವಿ ನೋಡಿ ನೋಡಿ ಬೇಸತ್ತಿದ್ದವನನ್ನು ಬುಧವಾರದ ಸಂಜೆ ಆಟಕ್ಕೆ ಎಳೆದುಕೊಂಡು ಹೋದವನು ಕೀತ್. ಗಿರಣಿಯಿಂದ ನಿವೃತ್ತನಾದ ಮುದುಕ, ಕ್ಲಬ್ಬಿನ ಆಗಿನ ಅಧ್ಯಕ್ಷ. ಅಡಿವೆಪ್ಪನ ಕೈಯಿಂದ ಬಿಟ್ಟ ಮೊದಲ ಚೆಂಡು ಪಕ್ಕದವರ ಆಟದೊಳಗೆ ನುಗ್ಗಿತು. ಎಲ್ಲರೂ "ವೆಲ್ ಡನ್, ಆ್ಯಡಿ" ಎಂದರು. ಅಡಿವೆಪ್ಪ ಅನ್ನುವ ಹೆಸರು ಅವರ ಬಾಯಿಗೆ ಸಿಕ್ಕಿ ಆ್ಯಡಿ ಆಗಿತ್ತು. ಅವನು ಹೇಗೆ ಆಡಿದರೂ ವೆಲ್ ಡನ್ನೇ. ತಮ್ಮತಮ್ಮಲ್ಲಿ ಬಾಯಿಗೆ ಬಂದಂತೆ ಬೈದಾಡುತ್ತಿದ್ದ ಮುದುಕರು ಇವನೊಬ್ಬನಿಗೆ ಮಾತ್ರ ಬೀಗರಿಗೆ ಕೊಟ್ಟಷ್ಟು ಮರ್ಯಾದೆ ಕೊಡುತ್ತಿದ್ದರು. ಎಂಥ ಒಳ್ಳೆಯ ಜನ ಎಂದುಕೊಂಡಿದ್ದ ಪಾಪ.

ಎರಡು ಸಾವಿರದ ಆರನೇ ಇಸವಿಯ ಚಳಿಗಾಲ. ಕ್ಲಬ್ಬಿನ ವಾರ್ಷಿಕ ಸಭೆ ಒಂದು ಶುಕ್ರವಾರ ಸಂಜೆ. ಅಡಿವೆಪ್ಪ ಆಗ ವೆರಿಬೀ ದಾರಿಯಲ್ಲಿದ್ದ. ಸೋಮವಾರ ಬೆಳಿಗ್ಗೆ ಕೀತ್ ಗಿರಣಿಯ ಗೇಟಿನಲ್ಲೇ ನಿಂತಿದ್ದ. "ಕಂಗ್ರಾಜುಲೇಷನ್ಸ್, ಪ್ರೆಸಿಡೆಂಟ್! ಎಲ್ಲರೂ ಒಪ್ಪಿ ನಿನ್ನನ್ನೇ ಆರಿಸಿದ್ದಾರೆ."

ಈಗ ಆಸ್ಟ್ರೇಲಿಯಾದ ಹಳ್ಳಿಗಾಡಿನ ಯಾರನ್ನು ಬೇಕಾದರೂ ಕೇಳಿ, ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಲ್ಲಿ ಸಭೆಗೆ ತಪ್ಪಿಸಿಕೊಂಡವನ ತಲೆಗೇ ಹುದ್ದೆ ಕಟ್ಟುವುದು. ಬಂದವರೆಲ್ಲ ನನಗೆ ಬೇಡ ನನಗೆ ಬೇಡ ಅನ್ನುತ್ತಾರಲ್ಲ, ಬೇಡ ಅನ್ನಲು ಅಲ್ಲಿಲ್ಲದವನು ಸಿಕ್ಕಿಬೀಳುತ್ತಾನೆ. ಅಡಿವೆಪ್ಪನಿಗೆ ಇದು ಹೇಗೆ ಗೊತ್ತಾಗಬೇಕು? ಅವನು ಕಂಡ ಅಧ್ಯಕ್ಷರೆಂದರೆ ವೇದಿಕೆಯ ನಡುವಿನ ಕುರ್ಚಿ, ಕೊರಳಿಗೆ ಹಾರ, ಹಿಂದೆ ನಾಲ್ಕು ಜನ. ಅವನ ಕಣ್ಣು ತುಂಬಿ ಬಂತು. ಹೊರಗಿನಿಂದ ಬಂದ ನನ್ನನ್ನು ಈ ಜನ ತಮ್ಮವನೆಂದು ತಲೆಯ ಮೇಲೆ ಕೂರಿಸಿಕೊಂಡರಲ್ಲ ಎಂದು ಕೀತನ ಎರಡೂ ಕೈ ಹಿಡಿದುಕೊಂಡುಬಿಟ್ಟ. ಕೀತ್ ಕೈ ಬಿಡಿಸಿಕೊಂಡು ಬೇರೆ ಕಡೆ ನೋಡಿದ.

ಸುದ್ದಿ ಸಿಡ್ನಿಗೆ ಹೋಯಿತು. ಅಲ್ಲಿಯ ಟೂಂಗಾಬಿ ಬಡಾವಣೆಯಲ್ಲಿರುವ ತಮ್ಮ ವಿರುಪಾಕ್ಷ ಫೋನಿನಲ್ಲೇ ಕುಣಿದಾಡಿದ. "ಏನ್ ಮಾತಾಡ್ತೀ ಅಣ್ಣಾ! ಬಿಳೇ ಮಂದಿ ಕ್ಲಬ್ಬಿಗೆ ನಮ್ಮ ಮನೀ ಮನಷ್ಯಾ ಅಧ್ಯಕ್ಷ! ಅಪ್ಪ ಇರಬೇಕಾಗಿತ್ತು ನೋಡು." ಅವನು ಸುಮ್ಮನೆ ಕೂರುವ ಆಸಾಮಿಯಲ್ಲ. ಗಣೇಶನ ಹಬ್ಬಕ್ಕೆ ಅಲ್ಲಿಯ ಕನ್ನಡದವರು ಬಾಡಿಗೆ ಹಾಲ್‌ನಲ್ಲಿ ಸೇರಿದಾಗ ಅಣ್ಣನನ್ನು ಕರೆಸಿ ಸನ್ಮಾನ ಇಡಿಸಿಯೇಬಿಟ್ಟ. ಮೈಕು ಹಿಡಿದ ಬೆಂಗಳೂರಿನ ಹುಡುಗಿ, "ಇದು ನಮ್ಮ ಹೋಲ್ ಕಮ್ಯುನಿಟಿಗೆ ಪ್ರೌಡ್ ಮೊಮೆಂಟ್, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ ಪ್ಲೀಸ್" ಎಂದಳು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಅಡಿವೆಪ್ಪ ಎರಡು ಮಾತಾಡಲು ನಿಂತು, ಬರೀ ಕೈಮುಗಿದು ಕೂತ. ವಿರುಪಾಕ್ಷ ಊರಿಂದ ತರಿಸಿದ ಕರದಂಟಿನ ಪೆಟ್ಟಿಗೆ ಕೊಟ್ಟು, ನಿನ್ನ ಕ್ಲಬ್ಬಿನವರಿಗೆ ಹಂಚು ಎಂದ. ಹಂಚಿದ್ದೂ ಆಯಿತು. ಮುದುಕರೆಲ್ಲ ಕಟ್ಟಿಸಿದ ಹಲ್ಲಿನವರು. ಕರದಂಟು ಕಚ್ಚಿ ಅರ್ಧ ಕ್ಲಬ್ಬು ಬಾಯಿ ಬಿಡಲಾಗದೆ ಕೂತಿತ್ತು. ಆದರೂ ಮೂಗಿನಲ್ಲೇ "ಲವ್ಲಿ, ಆ್ಯಡಿ" ಎಂದರು.

ಮರುವಾರದಿಂದ ಅಧ್ಯಕ್ಷಗಿರಿ ಶುರು. "ಪ್ರೆಸಿಡೆಂಟ್, ಗಂಡಸರ ಟಾಯ್ಲೆಟ್ ಕಟ್ಟಿಕೊಂಡಿದೆ." "ಪ್ರೆಸಿಡೆಂಟ್, ಹುಲ್ಲು ಕತ್ತರಿಸುವ ಮಿಷನ್ನು ಸ್ಟಾರ್ಟ್ ಆಗುತ್ತಿಲ್ಲ." ಬೀಗ ತೆಗೆಯುವವನು ಅವನು, ಕುರ್ಚಿ ಹಾಕುವವನು ಅವನು, ಬಿಯರಿನ ನಳ ತೊಳೆಯುವವನು ಅವನು, ಮಾಂಸದ ತಟ್ಟೆ ತಂದು ಫ್ರಿಜ್ಜಿನಲ್ಲಿಡುವವನೂ ಅವನೇ. ಶನಿವಾರ ಆಟವಿರುವಾಗ ಅಧ್ಯಕ್ಷ ಊರಲ್ಲಿ ಇರದಿದ್ದರೆ ಹೇಗೆ? ವೆರಿಬೀಗೆ ಹೋಗುವುದು ಶನಿವಾರದ ಸಂಜೆಗೆ ಬಿತ್ತು. ಹೋಗಿ ಮಲಗಿ ಎದ್ದರೆ ಭಾನುವಾರ, ಮತ್ತೆ ಅದೇ ರಸ್ತೆ. ಬರಬರುತ್ತ ಅದೂ ತಪ್ಪತೊಡಗಿತು.

ಚಂದ್ರಪ್ರಭಾ ಮೊದಲು ನಕ್ಕಳು, ಆಮೇಲೆ ಮುನಿಸಿಕೊಂಡಳು, ಕಡೆಗೆ ಫೋನಿನಲ್ಲಿ ಒಂದೇ ರಾಗ. "ಅಧ್ಯಕ್ಷರಂತ ಅಧ್ಯಕ್ಷರು! ಪಾಯಖಾನಿ ತೊಳಿಯೋ ಅಧ್ಯಕ್ಷರು. ಆ ಕ್ಲಬ್ಬಿಗೇ ಒಂದು ತಾಳಿ ಕಟ್ಟಿಬಿಡ್ರಿ, ನಾವು ಅಕ್ಕಿಕಾಳು ಹಾಕಿ ಬರ್ತೀವಿ."

"ಹಂಗಲ್ಲ ಪ್ರಭಾ, ಮಂದಿ ನಂಬಿ ಕೊಟ್ಟಾರ..."

"ಮಗಳ ಪರೀಕ್ಷಾ ಮುಗದು ರಿಸಲ್ಟ್ ಬಂತು, ನೀವು ಆಕಿ ಮಾರಿ ನೋಡಿ ಎಷ್ಟು ದಿನಾ ಆತು, ಹೇಳ್ರಿ ನೋಡೋಣ?"

ಹಿಂದಿನಿಂದ ಚಿನ್ಮಯಿಯ ದನಿ ಕೇಳಿಸಿತು. "ಇಟ್ಸ್ ಓಕೆ ಮಮ್, ಹೀ ಈಸ್ ಬ್ಯುಸಿ." ಅಡಿವೆಪ್ಪನಿಗೆ ಹೆಂಡತಿಯ ಬೈಗುಳಕ್ಕಿಂತ ಮಗಳ ಆ ಓಕೆ ಹೆಚ್ಚು ಚುಚ್ಚಿತು.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ಅಲ್ಲಿ ಬೇಸಗೆ ಶುರುವಾಗುವುದು ಡಿಸೆಂಬರಿಗೆ, ಆ ಬೇಸಗೆಯಲ್ಲಿ ಮಳೆಯಿಲ್ಲದೆ ಊರಿನ ಕೆರೆಕಟ್ಟೆ ತಳ ಕಂಡಿತು. ಪೈಪು ಹಿಡಿದು ಹುಲ್ಲಿಗೆ ನೀರು ಬಿಡಬಾರದೆಂದು ಆಜ್ಞೆಯಾಯಿತು. ಬೌಲ್ಸ್ ಆಡುವ ಹುಲ್ಲು ಮಗುವಿನಂಥದು, ಎರಡು ದಿನ ನೀರು ಕಾಣದಿದ್ದರೆ ಬಾಡುತ್ತದೆ. ಸದಸ್ಯರೆಲ್ಲ ಸ್ನಾನದ ನೀರು, ಬಟ್ಟೆ ಒಗೆದ ನೀರು ಹಿಡಿದಿಟ್ಟು ಸಂಜೆ ಸಂಜೆ ಬಕೆಟ್ಟಿನಲ್ಲಿ ಹೊತ್ತು ತರತೊಡಗಿದರು. ಎಂಬತ್ತು ದಾಟಿದವರು, ಮೊಣಕಾಲು ಬದಲಿಸಿಕೊಂಡವರು, ಎಲ್ಲರೂ. ಅಧ್ಯಕ್ಷ ಎಲ್ಲರಿಗಿಂತ ಹೆಚ್ಚು ಹೊತ್ತ. ನಳದ ಮುಂದೆ ಕೊಡ ಹಿಡಿದು ನಿಲ್ಲುವುದು ತಪ್ಪಿತೆಂದು ಸಮುದ್ರ ದಾಟಿ ಬಂದರೆ ಇಲ್ಲಿ ಕಂಡವರ ಮೈ ತೊಳೆದ ನೀರು ಹೊರುವ ಹಣೆಬರಹ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತ ಹೊತ್ತ. ಗಿರಣಿಯಲ್ಲಿ ಎಂಟು ತಾಸು ನಿಂತು ಬಂದ ಕಾಲು, ಆಮೇಲೆ ಬಕೆಟ್ಟು. ಮನೆಗೆ ಹೋಗಿ ಬೂಟು ಬಿಚ್ಚಲೂ ಆಗದೆ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದ.

ಜನವರಿಯ ಒಂದು ಸಂಜೆ ಡಾಟ್ ಬಿದ್ದಳು. ಡಾಟ್ ಎಂದರೆ ಕ್ಲಬ್ಬಿನ ಹಳೆಯ ಸದಸ್ಯೆ, ಗಂಡ ಸತ್ತು ಒಬ್ಬಳೇ ಇರುವ ಮುದುಕಿ, ಕಡ್ಡಿಯಷ್ಟು ಸಣಕಲು. ಬಕೆಟ್ಟು ಹಿಡಿದು ಮೆಟ್ಟಿಲು ಇಳಿಯುವಾಗ ಜಾರಿ ಕೈ ಮುರಿದುಕೊಂಡಳು. ಅಡಿವೆಪ್ಪ ಓಡಿಹೋಗಿ ಎತ್ತಿ ಕೂರಿಸಿದ. ಸೋಪಿನ ನೀರಿನಲ್ಲಿ ತೊಯ್ದು ಕೂತ ಮುದುಕಿ, ಹಲ್ಲುಕಚ್ಚಿ ನೋವು ನುಂಗಿಕೊಂಡು, "ಅರ್ಧ ಬಕೆಟ್ಟಾದರೂ ಉಳಿದಿದೆಯಾ ನೋಡು" ಎಂದಳು.

ಅಷ್ಟು ಮಾಡಿದರೂ ಹುಲ್ಲು ಉಳಿಯಲಿಲ್ಲ, ಮೂಲೆಯಿಂದ ಶುರುವಾಗಿ ಹಳದಿ ಬಣ್ಣ ನಡುವಿನವರೆಗೂ ಬಂತು. ಪಕ್ಕದ ದೊಡ್ಡ ಊರಿನ ಕ್ಲಬ್ಬಿನವರು, ನಮ್ಮಲ್ಲಿ ಪ್ಲಾಸ್ಟಿಕ್ ಹುಲ್ಲಿದೆ, ನಿಮ್ಮದನ್ನು ಮುಚ್ಚಿ ನಮ್ಮ ಜೊತೆ ಸೇರಿಕೊಳ್ಳಿ ಎಂದು ಹೇಳಿಕಳಿಸಿದರು. ಅಲ್ಲಿಗೆ ಕಾರಿನಲ್ಲಿ ಮುಕ್ಕಾಲು ತಾಸು. ಕಾರು ಓಡಿಸಲಾರದ ಮುದುಕರ ಪಾಡು ಏನೆಂದು ಯಾರೂ ಹೇಳಲಿಲ್ಲ. ಮಾರ್ಚ್ ತಿಂಗಳ ಒಂದು ಗುರುವಾರ ಸಂಜೆ, ಮುಚ್ಚುವುದೋ ಇಟ್ಟುಕೊಳ್ಳುವುದೋ ತೀರ್ಮಾನಿಸಲು ಸಭೆ ಕರೆದರು. ನಿಯಮ ಹೇಗಿತ್ತೆಂದರೆ ಅಧ್ಯಕ್ಷ ಸುಮ್ಮನೆ ಕೈ ಎತ್ತುವಂತಿಲ್ಲ. ಎರಡೂ ಕಡೆ ಸಮ ಬಿದ್ದರೆ ಮಾತ್ರ ಅವನ ಮಾತೇ ಕೊನೆ.

"ಸುಮ್ಮ ಮುಚ್ಚಿ ಬರ್ರಿ" ಎಂದಳು ಚಂದ್ರಪ್ರಭಾ. "ನಿಮ್ಮ ಮೈಯಾಗ ಏನ್ ಉಳದೈತಿ ಇನ್ನ?"

ಅಡಿವೆಪ್ಪನಿಗೂ ಬೇಕಾಗಿದ್ದು ಅದೇ. ಹಿಂದೆಯೇ ನಾಚಿಕೆಯೂ ಆಗುತ್ತಿತ್ತು. ತಲೆಯ ಮೇಲೆ ಕೂರಿಸಿಕೊಂಡವರ ಮನೆಗೇ ಬೀಗ ಹಾಕಿ ಹೋಗುವುದೆ?

ಸಭೆಗೆ ಎಲ್ಲರೂ ಬಂದರು. ಒಂದು ಸುತ್ತು ಕೂಗಾಟ ಆಯಿತು. ಮತ ಹಾಕುವ ಮೊದಲು ಚಹಾಕ್ಕೆಂದು ಎದ್ದಾಗ ಕೀತ್ ಅಡಿವೆಪ್ಪನ ತೋಳು ಹಿಡಿದು ಹೊರಗೆ, ಒಣಗಿದ ಹುಲ್ಲಿನ ಅಂಚಿಗೆ ಕರೆದುಕೊಂಡು ಹೋದ.

"ಸಮ ಬೀಳುತ್ತದೆ, ಆ್ಯಡಿ. ನಾನು ಲೆಕ್ಕ ಹಾಕಿದ್ದೀನಿ. ನಾನು ಇಟ್ಟುಕೊಳ್ಳೋಣ ಅಂತ ಕೈ ಎತ್ತುತ್ತೀನಿ. ನೀನು ಮುಚ್ಚು."

"ನಿನಗೆ ಮುಚ್ಚುವುದು ಬೇಕಿದ್ದರೆ ನೀನೇ ಆ ಕಡೆ ಕೈ ಎತ್ತಬಹುದಲ್ಲ?"

"ಈ ಹುಲ್ಲು ಹಾಸಿದವನು ನಮ್ಮಪ್ಪ, ಮೇಟ್. ಮುಚ್ಚು ಅಂತ ಕೈ ಎತ್ತಿದ ಮೇಲೆ ನಾನು ಈ ಊರಲ್ಲಿ ಬ್ರೆಡ್ ತರೋಕೆ ಹೋಗೋದು ಹೇಗೆ? ಗುಂಪಿನಲ್ಲಿ ಕೈ ಎತ್ತೋರು ಇದ್ದಾರೆ, ಮುಚ್ಚಿದವನು ಅನ್ನಿಸಿಕೊಳ್ಳೋಕೆ ನಮ್ಮಲ್ಲಿ ಯಾರಿಗೂ ಆಗೋದಿಲ್ಲ. ಮುಚ್ಚೋ ಕಾಲ ಬಂತು ಅಂತ ಹೋದ ವರ್ಷವೇ ಗೊತ್ತಿತ್ತು. ಅದಕ್ಕೇ ನಿನ್ನನ್ನ ಆರಿಸಿದ್ದು." ಕೀತ್ ಕೊನೆಯ ಮಾತನ್ನು ಮೆತ್ತಗೆ, ಸಮಾಧಾನ ಹೇಳುವ ಹಾಗೆ ಹೇಳಿದ. "ನೀನು ಹೇಗಿದ್ದರೂ ಮೆಲ್ಬರ್ನ್‌ಗೆ ಹೋಗೋನು. ನಿನ್ನ ಮೇಲೆ ಬಿದ್ದ ಕೋಪ ನಿನ್ನ ಜೊತೆಗೇ ಹೋಗುತ್ತದೆ."

ಸಭೆಗೆ ಬಾರದವನ ತಲೆಗೆ ಕಟ್ಟುತ್ತಾರೆ ಅನ್ನುವುದು ಇಷ್ಟರಲ್ಲಿ ಅಡಿವೆಪ್ಪನಿಗೂ ಗೊತ್ತಾಗಿತ್ತು, ಅದನ್ನು ನಕ್ಕು ಮರೆತಿದ್ದ. ಇದು ಅದಕ್ಕಿಂತ ಹೊಲಸು. ಇಷ್ಟು ದಿನ ಕೊಟ್ಟ ಮರ್ಯಾದೆಯೆಲ್ಲ ನಾಳೆ ಹೋಗುವ ನೆಂಟನಿಗೆ ಕೊಟ್ಟದ್ದು. ಮನೆಯವರ ಕೈಯಲ್ಲಿ ಮಾಡಿಸಲಾಗದ ಕೆಲಸವನ್ನು ನೆಂಟನ ಕೈಯಲ್ಲಿ ಮಾಡಿಸಿ ಬಸ್ ಹತ್ತಿಸುವ ಹಂಚಿಕೆ! ಟೂಂಗಾಬಿಯ ಚಪ್ಪಾಳೆ ನೆನಪಾಗಿ ಕಿವಿ ಬಿಸಿಯಾಯಿತು. ಮುಚ್ಚುವುದಿಲ್ಲ, ಏನು ಮಾಡುತ್ತೀರೋ ಮಾಡಿ, ಸಾಯುವವರೆಗೆ ಬಕೆಟ್ಟು ಹೊರಿ ಎಂದು ಹೇಳಿಬಿಡಬೇಕು ಅನ್ನಿಸಿತು. ಹೇಳುವುದೇ ಸರಿ ಎಂದುಕೊಂಡೇ ಒಳಗೆ ಬಂದ.

ಮತ ಹಾಕಿದರು. ಕೀತ್ ಹೇಳಿದ ಹಾಗೆ ಸಮ ಬಿತ್ತು. ಇಟ್ಟುಕೊಳ್ಳೋಣ ಎಂದು ಎತ್ತಿದ ಕೈಗಳಲ್ಲಿ ಡಾಟ್‌ಳದೂ ಒಂದು. ಬ್ಯಾಂಡೇಜು ಬಿಚ್ಚಿ ಇನ್ನೂ ಸರಿಯಾಗಿ ಮೇಲೇಳದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದು ಕೂತಿದ್ದಳು. ಎಲ್ಲರ ಮುಖವೂ ಅಧ್ಯಕ್ಷನ ಕಡೆ ತಿರುಗಿತು. ಬಾಯಿತುದಿಗೆ ಬಂದಿದ್ದ ಮಾತು ಆ ಕೈ ನೋಡಿ ಹಿಂದಕ್ಕೆ ಹೋಯಿತು. ಸತ್ತ ಹುಲ್ಲಿಗೆ ನೀರು ಹೊತ್ತು ಈ ಮುದುಕಿ ಮುಂದಿನ ಬೇಸಗೆಯಲ್ಲಿ ಸೊಂಟ ಮುರಿದುಕೊಳ್ಳುತ್ತಾಳೆ, ಎತ್ತಲು ಅಲ್ಲಿ ಯಾರೂ ಇರುವುದಿಲ್ಲ. ಸುಳ್ಳೇಕೆ, ಅವನ ಸ್ವಂತ ದಣಿವೂ ಅದರಲ್ಲಿ ಸೇರಿತ್ತು. ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ಕಸುವಿರಲಿಲ್ಲ.

"ಮುಚ್ಚೋಣ" ಎಂದ ಅಡಿವೆಪ್ಪ.

ಯಾರೂ ಕೂಗಾಡಲಿಲ್ಲ. ಕುರ್ಚಿಗಳು ಸರಿದ ಸದ್ದಷ್ಟೇ. ಒಬ್ಬೊಬ್ಬರಾಗಿ "ಗುಡ್ ನೈಟ್, ಆ್ಯಡಿ" ಎಂದು ಎಂದಿನಷ್ಟೇ ಮರ್ಯಾದೆಯಿಂದ ಹೇಳಿ ಹೋದರು. ಡಾಟ್ ಮಾತ್ರ ಏನೂ ಹೇಳದೆ ಹೋದಳು. ಶುಕ್ರವಾರ ಗಿರಣಿಯಲ್ಲೂ ಅದೇ ಮರ್ಯಾದೆ, ಬೇಕರಿಯಲ್ಲೂ ಅದೇ ಮರ್ಯಾದೆ. ಅಡಿವೆಪ್ಪ ಬ್ರೆಡ್ ಕೊಳ್ಳದೆಯೇ ಅಲ್ಲಿಂದ ಹೊರಬಿದ್ದ. ಸಂಜೆ ವೆರಿಬೀಗೆ ಹೊರಡಬೇಕೆಂದಿದ್ದವನು ಕಾರು ಓಡಿಸುವ ತ್ರಾಣವಿಲ್ಲದೆ ಮಲಗಿಬಿಟ್ಟ. ಗಿರಣಿ ಬಿಟ್ಟು ಮೆಲ್ಬರ್ನ್‌ನಲ್ಲೇ ಏನಾದರೂ ಕೆಲಸ ನೋಡಿಕೊಂಡರಾಯಿತು, ಕೀತ್ ಹೇಳಿದ್ದೇ ನಿಜ, ನಾನು ಹೋಗುವವನೇ ಎಂದುಕೊಂಡು ಮಲಗಿದ.

ಶನಿವಾರ ಬೆಳಿಗ್ಗೆ ಚೀಲ ಹಿಂದಿನ ಸೀಟಿಗೆ ಹಾಕಿ ಕಾರು ಸ್ಟಾರ್ಟ್ ಮಾಡಿದ್ದ. ಗೇಟಿನ ಬಳಿ ಡಾಟ್ ನಿಂತಿದ್ದಳು. ಬಿಳಿ ಸ್ಕರ್ಟು, ಬಿಳಿ ಅಂಗಿ, ಬಿಳಿ ಟೋಪಿ, ಬಿಳಿ ಬೂಟು. ಎಲ್ಲಕ್ಕೂ ಇಸ್ತ್ರಿ.

"ಇಳಿ ಕೆಳಗೆ" ಎಂದಳು.

ಅಡಿವೆಪ್ಪ ಇಳಿದ.

"ಮದುವೆಗೂ ಮುಂಚಿನಿಂದ ಪ್ರತಿ ಶನಿವಾರ ನಾನು ಇದನ್ನ ಹಾಕಿಕೊಂಡಿದ್ದೀನಿ. ಇವತ್ತೂ ಎದ್ದೆ, ಒಂದೇ ಕೈಯಲ್ಲಿ ಇಸ್ತ್ರಿ ಮಾಡಿದೆ, ಹಾಕಿಕೊಂಡೆ, ಬಾಗಿಲು ಎಳೆದುಕೊಂಡು ಬೀದಿಗೆ ಬಂದೆ. ಆಮೇಲೆ ನೆನಪಾಯಿತು." ಅವಳು ಟೋಪಿ ಎಳೆದು ಸರಿಮಾಡಿಕೊಂಡಳು. "ಈಗ ನೀನೇ ಹೇಳು, ನಾನು ಎಲ್ಲಿಗೆ ಹೋಗಲಿ?"

"ಡಾಟ್, ನೀವು ಬಿದ್ದಿರಲ್ಲ, ಮತ್ತೆ ಹಾಗಾಗಬಾರದೆಂದು..."

"ಬಿದ್ದವಳು ನಾನು. ಎದ್ದವಳೂ ನಾನು. ನನ್ನ ಕೈ ತೋರಿಸಿ ನನ್ನ ಬಾಗಿಲು ಹಾಕೋಕೆ ನೀನ್ಯಾರು? ಎಂಥ ದಡ್ಡ ಮನುಷ್ಯ ನೀನು! ಹೇಡಿ! ಆ ಕೀತ್ ಹೇಳಿದ ಹಾಗೆ ಕುಣಿದೆ ಅಲ್ಲವಾ? ಅವನು ನಿನ್ನನ್ನ ಹೊರಗೆ ಕರೆದುಕೊಂಡು ಹೋದದ್ದು ನಾನು ನೋಡಿಲ್ಲ ಅಂದುಕೊಂಡೆಯಾ? ನಿನಗೆ ಚೆಂಡು ಉರುಳಿಸೋಕೂ ಬರೋದಿಲ್ಲ. ಇಷ್ಟು ವರ್ಷ ವೆಲ್ ಡನ್ ಅಂದೆವಲ್ಲ, ಸುಳ್ಳು. ನಿನ್ನ ಹಾಗೆ ಕೆಟ್ಟದಾಗಿ ಆಡುವವನನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ!"

ಅಡಿವೆಪ್ಪ ತಲೆ ತಗ್ಗಿಸಿ ನಿಂತಿದ್ದ. ಈ ಊರಿಗೆ ಬಂದಾಗಿನಿಂದ ಒಬ್ಬರೂ ಅವನನ್ನು ಬೈದಿರಲಿಲ್ಲ, ಬೈಗುಳವೆಲ್ಲ ಅವರವರೊಳಗೇ ಇತ್ತು. ಮುದುಕಿಯ ಒಂದೊಂದು ಮಾತೂ ನೋಯಿಸುತ್ತಿತ್ತು, ಒಂದೊಂದೂ ನಿಜವಾಗಿತ್ತು. ಆದರೆ ಎದೆಯ ಮೇಲೆ ಎರಡು ದಿನದಿಂದ ಕೂತಿದ್ದ ಭಾರ ಅದೇ ಹೊತ್ತಿಗೆ ಸ್ವಲ್ಪ ಸರಿದ ಹಾಗೂ ಆಯಿತು. ಹಾಗೇಕಾಯಿತೆಂದು ಅವನಿಗೆ ಆಗ ತಿಳಿಯಲಿಲ್ಲ.

ಡಾಟ್ ಉಸಿರು ತೆಗೆದುಕೊಳ್ಳಲು ನಿಂತವಳು ಹಿಂದಿನ ಸೀಟಿನ ಚೀಲ ನೋಡಿದಳು. "ಮೆಲ್ಬರ್ನ್‌ಗೆ ಓಡಿಹೋಗೋ ಆಲೋಚನೆಯಾ? ಅದು ಆಗೋದಿಲ್ಲ. ಮುಚ್ಚಿದವನು ನೀನು. ಇಲ್ಲೇ ಇದ್ದುಕೊಂಡು ಕೇಳು. ಪ್ರತಿ ಶನಿವಾರ ಕೇಳು."

ಅಡಿವೆಪ್ಪ ಕಾರಿನ ಕೀಲಿ ತಿರುಗಿಸಿ ಎಂಜಿನ್ ಆರಿಸಿದ. "ಬರ್ರಿ ಒಳಗ" ಎಂದ. ಕನ್ನಡದಲ್ಲೇ ಅಂದುಬಿಟ್ಟಿದ್ದ. ಡಾಟ್‌ಗೆ ಅರ್ಥವಾಗದೆ ಇರಲಿಲ್ಲ, ಅವಳು ಅವನಿಗಿಂತ ಮುಂದಾಗಿ ನಡೆದು ಅಡುಗೆಮನೆಯ ಕುರ್ಚಿಯಲ್ಲಿ ಟೋಪಿ ಸಮೇತ ಕೂತಳು.

ಚಹಾಕ್ಕಿಟ್ಟು ಅವನು ವೆರಿಬೀಗೆ ಫೋನ್ ಹಚ್ಚಿದ. "ಪ್ರಭಾ, ಇವತ್ತು ಬರಾಕ ಆಗಂಗಿಲ್ಲ. ನೀನ ಚಿನ್ಮಯೀನ ಕರಕೊಂಡು ಬಾ."

"ಕ್ಲಬ್ಬು ಮುಚ್ಚಿತಂತ ಹೇಳಿದ್ರಲ್ಲ! ಇನ್ನೇನ್ ಕೆಲಸ ಐತಿ ಅಲ್ಲಿ?"

"ಬೈಸ್ಕೊಳ್ಳೂದೈತಿ."

ಗಂಡನ ದನಿಯಲ್ಲಿ ಅಳು ಇದೆಯೋ ನಗು ಇದೆಯೋ ಚಂದ್ರಪ್ರಭಾಗೆ ಗೊತ್ತಾಗಲಿಲ್ಲ. "ರೊಟ್ಟಿ ಬಡದೀನಿ, ಕಟಗೊಂಡ ಬರ್ತೀವಿ ತಗೋರಿ" ಎಂದಳು.

"ಆ್ಯಡಿ!" ಒಳಗಿನಿಂದ ಕೂಗು ಬಂತು. "ಫೋನ್ ಇಟ್ಟು ಬಾ. ನಾನು ಇನ್ನೂ ಮುಗಿಸಿಲ್ಲ."

ಅಡಿವೆಪ್ಪ ಫೋನ್ ಇಟ್ಟು ಹೋಗಿ ಅವಳ ಎದುರಿಗೆ ಕೂತ.